ಹೊಲದ ಬಂಡೆಯಲ್ಲಿ ಕಪ್ಪು-ಬಿಳಿ ಪಟ್ಟೆ ಯಾಕೆ?

ಪ್ರಶ್ನೆ: ಮಧುಗಿರಿ ಹತ್ತಿರ ನಮ್ಮ ಹೊಲದ ಬಂಡೆಯಲ್ಲಿ ಕಪ್ಪು, ಬಿಳಿ ಪಟ್ಟೆಗಳು ಹಾವಿನ ಹಾಗೆ ಸುತ್ತಿಕೊಂಡಿವೆ. ಕರಗಿದ ಕಲ್ಲು ಅಂತಾರೆ. ಕರಗಿದ್ದರೆ ಪಟ್ಟೆ ಉಳಿಯುತ್ತಿತ್ತಾ?

ಉತ್ತರ 1: ಪೂರ್ತಿ ಕರಗಿಲ್ಲ, ಅದೇ ವಿಷಯ. ನೆಲದಡಿ ತುಂಬಾ ಆಳದಲ್ಲಿ ನೀರಿನಂಶ ಇದ್ದರೆ ಸುಮಾರು 650 ಡಿಗ್ರಿ ಸೆಲ್ಸಿಯಸ್‌ಗೇ ಬೆಣಚು, ಫೆಲ್ಡ್‌ಸ್ಪಾರ್ ಎಂಬ ತಿಳಿ ಬಣ್ಣದ ಖನಿಜಗಳು ಮೊದಲು ಕರಗಲು ಶುರುವಾಗುತ್ತವೆ, ಆ ರಸ ಸಂದಿಗಳಲ್ಲಿ ಸೇರಿ ಗಟ್ಟಿಯಾದದ್ದೇ ಬಿಳಿ ಪಟ್ಟೆ. ಕಪ್ಪು ಅಭ್ರಕ, ಹಾರ್ನ್‌ಬ್ಲೆಂಡ್ ಎಂಬ ಕಪ್ಪು ಖನಿಜ ಕರಗದೆ ಹಾಗೇ ಉಳಿದವು, ಅದೇ ಕಪ್ಪು ಪಟ್ಟೆ. ಹೀಗೆ ಅರೆಬರೆ ಕರಗಿದ ಕಲ್ಲೇ ಮಿಗ್ಮಟೈಟ್.

ಉತ್ತರ 2: ಬಿಳಿ ಪಟ್ಟೆಯ ಅಂಚಲ್ಲಿ ತೆಳ್ಳಗೆ ಕಪ್ಪು ಗೆರೆ ಇದೆಯಾ ನೋಡಿ. ಇದ್ದರೆ ಅದು ರಸ ಹೋದ ಮೇಲೆ ಉಳಿದ ಕಪ್ಪು ಖನಿಜ, ಅಂದರೆ ರಸ ಅಲ್ಲೇ ಪಕ್ಕದಿಂದ ಬಂದಿರಬೇಕು. ಅಂದಹಾಗೆ, ನಿಮ್ಮ ಮಧುಗಿರಿ ಬೆಟ್ಟ ಸುಮಾರು 250 ಕೋಟಿ ವರ್ಷದ ಕ್ಲೋಸ್‌ಪೇಟೆ (ರಾಮನಗರದ ಹಳೆ ಹೆಸರು) ಗ್ರಾನೈಟ್ ಪಟ್ಟಿಯದು.

ಪ್ರಶ್ನೆ ಕೇಳಿದವರು: ಒಂದು ಚೊಂಬು ನೀರು ಹಾಕಿ ತೊಳೆದೆ. ಗೆರೆ ಇದೆ ಸಾರ್!