ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಹೊರಟವರಿಗೆ: ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ನಮ್ಮ ಕೋಲಾರದ ಬಳಗದಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಹೊರಟವರಲ್ಲಿ ಅರವತ್ತು ದಾಟಿದವರೇ ಜಾಸ್ತಿ. ಬಟ್ಟೆ, ಔಷಧಿ, ಆರೋಗ್ಯ, ಏನಿದ್ದರೂ ಕೇಳಿ. ಡಾಕ್ಟರ್ ಸಂಜೆ ಉತ್ತರ ಕೊಡುತ್ತಾರೆ.

ಬಂಗಾರಪೇಟೆ: ಅಲ್ಲಿ ಈಗ ವಸಂತ ಅಲ್ವಾ, ಸ್ವೆಟರ್ ಬೇಕಾ ಸರ್? ಇಲ್ಲಿ ಫ್ಯಾನ್ ಇಲ್ಲದೆ ಕೂರೋಕೆ ಆಗುತ್ತಿಲ್ಲ.

ಡಾಕ್ಟರ್: ಬೇಕು. ಬೆಳಿಗ್ಗೆ 5 ಡಿಗ್ರಿ, ಮಧ್ಯಾಹ್ನ 13-14 ಇರಬಹುದು. ಜೊತೆಗೆ ಗಾಳಿ, ಮಳೆ. ಒಂದು ದಪ್ಪ ಕೋಟ್‌ಗಿಂತ ತೆಳು ಬಟ್ಟೆ ಎರಡು ಮೂರು ಪದರ ಹಾಕಿ, ಮೇಲೆ ನೀರಿಳಿಯದ ಜಾಕೆಟ್. ಹೊಸ ಶೂ ಇವತ್ತಿಂದಲೇ ಹಾಕಿಕೊಂಡು ಓಡಾಡಿ. ಸಕ್ಕರೆ ಕಾಯಿಲೆಯವರಿಗೆ ಕಾಲಿನ ಗುಳ್ಳೆ ಸಣ್ಣ ವಿಷಯ ಅಲ್ಲ.

ಮುಳಬಾಗಿಲು: ಇನ್ಸುಲಿನ್ ದೊಡ್ಡ ಸೂಟ್‌ಕೇಸಲ್ಲಿ ಇಡಬಹುದಾ?

ಡಾಕ್ಟರ್: ಬೇಡವೇ ಬೇಡ. ಕೆಳಗಿನ ಲಗೇಜಲ್ಲಿ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬರಲ್ಲ. ಸೂಟ್‌ಕೇಸ್ ತಲುಪದೆಯೂ ಹೋಗಬಹುದು. ಕೈಚೀಲದಲ್ಲಿ ಇಡಿ, ಡಾಕ್ಟರ್ ಬರೆದ ಚೀಟಿ ಸಮೇತ. ಏಪ್ರಿಲ್‌ನಲ್ಲಿ ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಡೋಸ್ ಯಾವಾಗ ಅಂತ ನಿಮ್ಮ ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

ಮಾಲೂರು: ಸರ್, ನಮ್ಮ ಅಮ್ಮನಿಗೆ 64. ಪಾದದ ಗಂಟಿನ ಹತ್ತಿರ ಮುರಿದು ಪ್ಲಾಸ್ಟರ್ ಹಾಕಿದ್ದರು, ಹೋದ ವಾರ ಬಿಚ್ಚಿದರು. ಈಗ ಅದೇ ಕಾಲಿನ ಮೀನಖಂಡ ಊದಿದೆ, ಮುಟ್ಟಿದರೆ ಬಿಸಿ. ಪಕ್ಕದ ಮನೆಯವರು ಎಳ್ಳೆಣ್ಣೆ ಹಚ್ಚಿ ತಿಕ್ಕಿ, ಹರಳೆಲೆ ಕಟ್ಟಿ ಅಂದರು. ಮುಂದಿನ ವಾರ ಫ್ಲೈಟ್. ಫ್ಲೈಟಲ್ಲಿ ಕಾಲು ಊದದಂತೆ ಹಾಕುವ ಬಿಗಿ ಸಾಕ್ಸ್ ಯಾವುದು ತಗೊಳ್ಳಲಿ?

ಡಾಕ್ಟರ್: ಸಾಕ್ಸ್ ಮಾತು ಆಮೇಲೆ. ದಯವಿಟ್ಟು ಇದನ್ನು ಪೂರ್ತಿ ಓದಿ. ಪ್ಲಾಸ್ಟರ್‌ನಲ್ಲಿ ಕಾಲು ಅಲುಗಾಡದೆ ಇದ್ದಾಗ ಒಳಗಿನ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಜಾಸ್ತಿ. ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ನಾನು ಮೊದಲು ಅದನ್ನೇ ಅನುಮಾನಿಸುತ್ತೇನೆ. ಮೊಣಕಾಲ ಕೆಳಗೆ ಮುಂದಕ್ಕೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಟೈಲರ್ ಟೇಪ್ ಹಿಡಿದು ಎರಡೂ ಕಾಲು ಅಳೆಯಿರಿ. ವ್ಯತ್ಯಾಸ 3 ಸೆಂಟಿಮೀಟರ್ ದಾಟಿದರೆ ಅನುಮಾನ ಇನ್ನೂ ಗಟ್ಟಿ. ಕಡಿಮೆ ಬಂತು ಅಂತ ಸುಮ್ನೆ ಕೂರಬೇಡಿ, ರಕ್ತನಾಳದಲ್ಲಿ ರಕ್ತ ಹರಿಯುತ್ತಿದೆಯಾ ಅಂತ ನೋಡುವ ಡಾಪ್ಲರ್ ಸ್ಕ್ಯಾನ್ ಕಾಲಿಗೆ ಇವತ್ತೇ ಆಗಬೇಕು. ಎಣ್ಣೆ ಹಚ್ಚಿ ತಿಕ್ಕಲೇಬೇಡಿ. ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ತಕ್ಷಣ 108ಕ್ಕೆ ಫೋನ್ ಮಾಡಿ. ಹೆಪ್ಪು ಇದೆ ಅಂತ ಬಂದರೆ ಅದಕ್ಕೆ ಮಾತ್ರೆ ಇದೆ, ಸಾಮಾನ್ಯವಾಗಿ ಕನಿಷ್ಠ ಮೂರು ತಿಂಗಳು. ಪ್ರಯಾಣ ಯಾವಾಗ ಅಂತ ಚಿಕಿತ್ಸೆ ಕೊಡುವವರು ಹೇಳುತ್ತಾರೆ. ಹತ್ತು ಗಂಟೆ ಕೂತು ಹೋಗುವ ಫ್ಲೈಟಿಗೆ ಈ ಕಾಲನ್ನು ಪರೀಕ್ಷೆ ಇಲ್ಲದೆ ಹತ್ತಿಸಬೇಡಿ.

ಶ್ರೀನಿವಾಸಪುರ: ಫಾರ್ವರ್ಡ್ ಬಂದಿದೆ ನೋಡಿ. ಬೆಳ್ಳುಳ್ಳಿ ಹಾಲು ಕುಡಿದರೆ ರಕ್ತ ತೆಳ್ಳಗಾಗುತ್ತೆ, ಕರ್ಪೂರ ಓಂಕಾಳು ಕಟ್ಟಿ ಮೂಸಿದರೆ ವಿಮಾನದಲ್ಲಿ ಆಕ್ಸಿಜನ್ ಕಡಿಮೆ ಆಗಲ್ಲ.

ಡಾಕ್ಟರ್: ಎರಡೂ ಬೇಡ. ಬೆಳ್ಳುಳ್ಳಿ ಹಾಲು ಹೆಪ್ಪು ಕರಗಿಸಲ್ಲ. ಕರ್ಪೂರ ಮೂಸಿದರೆ ರಕ್ತದಲ್ಲಿ ಆಕ್ಸಿಜನ್ ಏರಲ್ಲ, ಉಬ್ಬಸದವರಿಗೆ ಕೆಣಕಲೂಬಹುದು. ಮೇಲೆ ಒಬ್ಬರ ತಾಯಿಗೆ ಸ್ಕ್ಯಾನ್ ಆಗಬೇಕು ಅಂತ ಬರೆದಿದ್ದೇನೆ, ಅದರ ಕೆಳಗೇ ಇದನ್ನು ಹಾಕುತ್ತೀರಲ್ಲ.

ಶ್ರೀನಿವಾಸಪುರ: ಒಳ್ಳೆಯದಕ್ಕೇ ಹಾಕಿದ್ದು. ಸರಿ ಬಿಡಿ. ನಮ್ಮ ತೋಟದ ಮಾವು, ಮನೆ ತುಪ್ಪ ಮಗಳಿಗೆ ಒಯ್ಯಬಹುದಾ?

ಕೆಜಿಎಫ್: ಆಗಲ್ಲ. ಹೊರಗಿನಿಂದ ಯುರೋಪಿನ ಒಕ್ಕೂಟಕ್ಕೆ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಅಂದರೆ ತುಪ್ಪ, ಪೇಡ ಎಲ್ಲ ಬಂತು. ಮಾವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ದುಬೈ ಮೇಲೆ ಹೋಗುವವರು ಗಸಗಸೆ ಮರೆತೂ ಇಟ್ಟುಕೊಳ್ಳಬೇಡಿ, ಅಲ್ಲಿ ನಿಷೇಧ. ಜೈಲಿಗೂ ಹಾಕುತ್ತಾರೆ.

ಶ್ರೀನಿವಾಸಪುರ: ನನ್ನ ತಮ್ಮ ಹೋದ ವರ್ಷ ತುಪ್ಪ ಒಯ್ದ. ಯಾರೂ ಕೇಳಲಿಲ್ಲ.

ಮುಳಬಾಗಿಲು: ಕೇಳಲಿಲ್ಲ ಅಂದರೆ ಸರಿ ಅಂತಲ್ಲ. ನಿಮ್ಮ ಚೀಲ ಬಿಚ್ಚಿಸಿದರೆ ನಾವೆಲ್ಲ ಕಾಯಬೇಕು.

ಶ್ರೀನಿವಾಸಪುರ: ನಿಮ್ಮನ್ನು ಕಾಯಿರಿ ಅಂದವರು ಯಾರು? ನಿಮ್ಮ ದಾರಿ ನೀವು ನೋಡಿಕೊಳ್ಳಿ.

ಅಡ್ಮಿನ್: ಜಗಳ ಬೇಡ.

ಚಿಂತಾಮಣಿ: ನನಗೆ ಉಬ್ಬಸ ಇದೆ. ಹೂವಿನ ತೋಟಕ್ಕೆ ಹೋದರೆ ತೊಂದರೆನಾ?

ಡಾಕ್ಟರ್: ಟ್ಯೂಲಿಪ್‌ಗೆ ಹೆದರಬೇಡಿ, ಅದರ ಪರಾಗ ಗಾಳಿಯಲ್ಲಿ ಅಷ್ಟಾಗಿ ಹಾರಲ್ಲ. ಏಪ್ರಿಲ್‌ನಲ್ಲಿ ಅಲ್ಲಿ ಬರ್ಚ್ ಮರದ ಪರಾಗ ಜಾಸ್ತಿ, ತೊಂದರೆ ಕೊಡುವುದು ಅದು. ದಿನಾ ತಗೊಳ್ಳುವುದು, ಉಬ್ಬಸ ಬಂದಾಗ ತಗೊಳ್ಳುವುದು, ಎರಡೂ ಇನ್‌ಹೇಲರ್ ಕೈಚೀಲದಲ್ಲಿರಲಿ. ದಿನಾ ತಗೊಳ್ಳುವುದನ್ನು ನಿಲ್ಲಿಸಬೇಡಿ.

ಬಂಗಾರಪೇಟೆ: ಟ್ಯೂಲಿಪ್ ಹೂವಿನ ಕ್ಯೂಕೆನ್‌ಹಾಫ್ ತೋಟ ಊರೊಳಗೇ ಇದೆಯಾ? ಮ್ಯೂಸಿಯಂ ಟಿಕೆಟ್ ಅಲ್ಲೇ ಸಿಗುತ್ತಾ?

ಕೆಜಿಎಫ್: ತೋಟ ಇರುವುದು ಲಿಸ್ಸೆ ಅನ್ನೋ ಊರಲ್ಲಿ, ಬಸ್ಸಲ್ಲಿ ಹೋಗಬೇಕು. ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ ಮಾತ್ರ ತೆರೆದಿರುತ್ತೆ. ಯುದ್ಧದ ಕಾಲದಲ್ಲಿ ಅಡಗಿದ್ದು ಡೈರಿ ಬರೆದ ಹುಡುಗಿ ಆನ್ ಫ್ರಾಂಕ್ ಮನೆ ಈಗ ಮ್ಯೂಸಿಯಂ, ಅದಕ್ಕೆ ಟಿಕೆಟ್ ಆನ್‌ಲೈನ್‌ನಲ್ಲಿ ಮಾತ್ರ, ಬೇಗ ಖಾಲಿ. ಏಪ್ರಿಲ್ 27 ರಾಜನ ದಿನ, ಅಂದರೆ ಅಲ್ಲಿನ ರಾಜನ ಹುಟ್ಟುಹಬ್ಬ. ಅವತ್ತು ಊರೆಲ್ಲ ಕಿತ್ತಳೆ ಬಣ್ಣ, ಕಾಲಿಡಲು ಜಾಗ ಇರಲ್ಲ. ವಯಸ್ಸಾದವರು ತಪ್ಪಿಸಿ.

ಗೌರಿಬಿದನೂರು: ವೀಲ್‌ಚೇರ್ ಬುಕ್ ಮಾಡುವುದು ಹೇಗೆ?

ಮುಳಬಾಗಿಲು: ಸರ್, ಇನ್ಸುಲಿನ್ ಥರ್ಮೋಸಲ್ಲಿ ಹಾಕಿ ಸೂಟ್‌ಕೇಸಲ್ಲಿ ಇಟ್ಟರೆ?

ಡಾಕ್ಟರ್: ಕೈಚೀಲ.

ಶ್ರೀನಿವಾಸಪುರ: ಫ್ಲೈಟಿಗೆ ಮುಂಚೆ ಎಲ್ಲರೂ ಒಂದೊಂದು ಆಸ್ಪಿರಿನ್ ನುಂಗಿದರೆ ಕಾಲಿನ ಸಮಸ್ಯೆ ಬರಲ್ಲವಂತೆ. ಇದೂ ಬೇಡ ಅಂತೀರಾ?

ಡಾಕ್ಟರ್: ಬೇಡ ಅಂತೀನಿ. ಹೊಟ್ಟೆಯಲ್ಲಿ ರಕ್ತಸ್ರಾವ ಆಗಿ ಬರುವವರನ್ನು ನೋಡುವವನು ನಾನು. ಗಂಟೆಗೊಮ್ಮೆ ಎದ್ದು ನಡೆಯಿರಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ, ನೀರು ಕುಡಿಯಿರಿ. ಇನ್ನು ಫಾರ್ವರ್ಡ್‌ಗಳಿಗೆ ಉತ್ತರ ಕೊಡಲ್ಲ.

ಶ್ರೀನಿವಾಸಪುರ: ಕೇಳೋದೂ ತಪ್ಪಾ?

ಡಾಕ್ಟರ್: ಮಾಲೂರಿನವರು ಎಲ್ಲಿದ್ದೀರಿ? ಸ್ಕ್ಯಾನ್‌ಗೆ ಹೊರಟಿರಾ?

ಮಾಲೂರು: ಕಾರಲ್ಲಿದ್ದೀವಿ ಸರ್. ಅಳೆದೆವು, 4 ಸೆಂಟಿಮೀಟರ್ ಜಾಸ್ತಿ ಇದೆ. ಎಲೆ ಬಿಚ್ಚಿ ಬಿಟ್ಟೆವು. ಟಿಕೆಟ್ ದುಡ್ಡು ಹೋಗುತ್ತೆ ಅಂತ ಅಮ್ಮ ಅಳುತ್ತಿದ್ದಾರೆ.

ಡಾಕ್ಟರ್: ದುಡ್ಡಿನ ಚಿಂತೆ ಈಗ ಬೇಡ ಅನ್ನಿ. ರಿಪೋರ್ಟ್ ಕೈಗೆ ಬಂದ ತಕ್ಷಣ ಅಲ್ಲೇ ಡಾಕ್ಟರಿಗೆ ತೋರಿಸಿ, ಮನೆಗೆ ಬಂದು ನಾಳೆ ನೋಡೋಣ ಅನ್ನಬೇಡಿ. ನನಗೂ ಫೋನ್ ಮಾಡಿ, ಎಷ್ಟು ಹೊತ್ತಾದರೂ ಸರಿ.