ಬಾನೆಟ್ ಮೇಲೆ 35 ಅಂತಿದೆ, 35ರ ಪಿಸ್ಟನ್ ಇಳೀತಿಲ್ಲ: ನಮ್ಮ ಹಳೆ ಮ್ಯಾಸಿ ಯಾವ ಮಾಡೆಲ್?

ಕರಿಮಣ್ಣು:

ಎಲ್ಲರಿಗೂ ನಮಸ್ಕಾರ. ನಮ್ಮಜ್ಜ ಸೆಕೆಂಡ್ ಹ್ಯಾಂಡ್ ತಂದಿದ್ದ ಮ್ಯಾಸಿ ಟ್ರ್ಯಾಕ್ಟರ್ ಒಂಬತ್ತು ವರ್ಷದಿಂದ ಹುಣಸೆ ಮರದ ಕೆಳಗೆ ನಿಂತಿತ್ತು. ಈ ಬೇಸಿಗೆಯಲ್ಲಿ ಎಬ್ಬಿಸೋಣ ಅಂತ ಕೈ ಹಾಕಿದ್ದೇನೆ. ಡೀಸೆಲ್ ಬದಲಿಸಿ ಏರ್ ತೆಗೆದಾಗ ಸ್ಟಾರ್ಟ್ ಆಯಿತು. ಆದರೆ ಹೊಗೆ ಜಾಸ್ತಿ, ಕಂಪ್ರೆಷನ್ ಇಲ್ಲ. ಹೆಡ್ ಬಿಚ್ಚಿದೆ. ಬಾನೆಟ್ ಪಕ್ಕದಲ್ಲಿ 35 ಅಂತ ಇದೆಯಲ್ಲ, ಇಂಜಿನ್ನೂ ಮೂರು ಸಿಲಿಂಡರ್, ಅದಕ್ಕೆ 35ರ ಮೂರು ಸಿಲಿಂಡರ್ ಪಿಸ್ಟನ್ ಕಿಟ್ ತರಿಸಿದೆ. ಪಿಸ್ಟನ್ ಬೋರಿನ, ಅಂದರೆ ಸಿಲಿಂಡರ್ ತೂತಿನ, ಬಾಯಿಗೇ ಕೂತಿತು, ಒಳಗೆ ಹೋಗಲೇ ಇಲ್ಲ.

ಇನ್ನೊಂದು. ಹಿಂದೆ ಕಟ್ಟಿದ ಉಪಕರಣ ಎತ್ತುವ ಲಿಫ್ಟ್ ಬೆಳಿಗ್ಗೆ ಚೆನ್ನಾಗಿ ಏಳುತ್ತಿತ್ತು. ಅರ್ಧ ಗಂಟೆ ಓಡಿಸಿದ ಮೇಲೆ ಕಲ್ಟಿವೇಟರ್ ಎತ್ತಲು ಒದ್ದಾಡುತ್ತಿತ್ತು, ಆಫ್ ಮಾಡಿದ ಕೂಡಲೇ ಧೊಪ್ ಅಂತ ನೆಲಕ್ಕೆ. ಲಿಫ್ಟಿನ ಆಯಿಲ್ ಪಂಪ್ ಹೋಗಿದೆಯಾ? ಅಜ್ಜ ಇಲ್ಲ, ಅಪ್ಪನಿಗೆ ಇದರ ಕಥೆ ಗೊತ್ತಿಲ್ಲ.

ಅರ್ಧ ಇಂಚು ಸ್ಪ್ಯಾನರ್:

ಮೊದಲು ಬಾನೆಟ್ ನೋಡೋದು ಬಿಡಿ. ಅದು ನಾಲ್ಕು ಬೋಲ್ಟಿನ ತಗಡು, ಯಾವ ಗಾಡಿಯಿಂದ ಯಾವ ಗಾಡಿಗೆ ಬೇಕಾದರೂ ಬರುತ್ತದೆ. ಈ ಟ್ರ್ಯಾಕ್ಟರಿಗೆ ಲಾರಿ ತರಹ ಚಾಸಿ ಇಲ್ಲ. ಇಂಜಿನ್, ಗೇರ್ ಬಾಕ್ಸ್, ಹಿಂದಿನ ಹೌಸಿಂಗ್ ಒಂದಕ್ಕೊಂದು ಬೋಲ್ಟ್ ಆಗಿ ಅವೇ ಬೆನ್ನುಮೂಳೆ. ಹಾಗಾಗಿ ಒಂದೇ ಟ್ರ್ಯಾಕ್ಟರ್ ಅಂದ್ಕೊಳ್ಳಬೇಡಿ. ಮೂರು ತುಂಡು ಇವೆ, ಮೂರಕ್ಕೂ ಬೇರೆ ಬೇರೆ ಜಾತಕ ಬರೆಯಿರಿ.

ಇಂಜಿನ್‌ನಿಂದ ಶುರು ಮಾಡೋಣ. ಇಂಗ್ಲೆಂಡಿನ ಮ್ಯಾಸಿ 35ರ ಮೂರು ಸಿಲಿಂಡರ್ ಪರ್ಕಿನ್ಸ್ ಕಂಪನಿಯ ಇಂಜಿನ್ ಅಂದರೆ 152. ಅದು ಘನ ಇಂಚಿನ ಲೆಕ್ಕ, ನಮ್ಮ ಲೆಕ್ಕಕ್ಕೆ 2.5 ಲೀಟರ್. ಬೋರ್ 91.4 ಮಿಮೀ. ನಮ್ಮ ಕಡೆ ಟಾಫೆ ಕಂಪನಿಯ ಮ್ಯಾಸಿ 1035ರಲ್ಲಿ ಬರುವ ಚೆನ್ನೈನ ಸಿಂಪ್ಸನ್ ಇಂಜಿನ್ ಅದೇ ಪರ್ಕಿನ್ಸ್ ಮನೆತನದ್ದು, ಆದರೆ 144. ಬೋರ್ 88.9, ಸುಮಾರು 2365 ಸಿಸಿ. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ಉದ್ದ, ಎರಡಕ್ಕೂ ಒಂದೇ, 127. ಹೊರಗಿನಿಂದ ಅಣ್ಣ ತಮ್ಮ ಇದ್ದ ಹಾಗೆ ಇರುತ್ತವೆ. ನಿಮ್ಮ ಪಿಸ್ಟನ್ ಬಾಯಲ್ಲೇ ಸಿಕ್ಕಿಕೊಂಡಿತು ಅಂದಾಗಲೇ ನನಗೆ ಅನುಮಾನ ಬಂತು, ಆ ಎರಡೂವರೆ ಮಿಮೀ ವ್ಯತ್ಯಾಸ ಇದೇ.

ಅಳೆಯುವಾಗ ಬೋರಿನ ಮಧ್ಯೆ ಅಳೆಯಬೇಡಿ, ಸವೆದಿರುತ್ತದೆ. ರಿಂಗ್ ಮುಟ್ಟದ ತೀರಾ ಕೆಳಗಿನ ಅಂಚಲ್ಲಿ ಅಳೆಯಿರಿ. ಹಳೇ ಪಿಸ್ಟನ್ ತಲೆಯನ್ನೂ ಡೀಸೆಲ್‌ನಲ್ಲಿ ತೊಳೆದು ನೋಡಿ, ಬೋರ್ ಕೊರೆಸಿ ಓವರ್‌ಸೈಜ್ ಪಿಸ್ಟನ್ ಹಾಕಿದ್ದರೆ ಅಲ್ಲಿ ಅಂಕಿ ಕೆತ್ತಿರುತ್ತಾರೆ. ಮತ್ತೆ ಡೀಸೆಲ್ ಪಂಪ್ ಮೇಲೆ ಏನು ಬರೆದಿದೆ? ಮೈಕೋ ಅಂತಿದ್ದರೆ ಅದು ನಮ್ಮ ಬೆಂಗಳೂರಿನ ಸರಕು. ಇಂಗ್ಲೆಂಡಿನಿಂದ ಬಂದ 35ರ ಮೇಲೆ ಸಿಎವಿ ಅಂತ ಇರಬೇಕು.

ಈಗ ಹಿಂಬದಿ. ಒಂದು ಬ್ಲೇಡ್ ತಗೊಂಡು, ಮಳೆ ಬಿಸಿಲು ತಾಗದ ಜಾಗದಲ್ಲಿ, ಲಿಫ್ಟ್ ಕವರ್ ಕೆಳಗೋ ಫುಟ್‌ರೆಸ್ಟ್ ಹಿಂದೆಯೋ, ಕಾಸಿನಷ್ಟು ಜಾಗ ಮೆಲ್ಲಗೆ ಕೆರೆಯಿರಿ. ಯಾವ ಬಣ್ಣದ ಕೆಳಗೆ ಯಾವ ಬಣ್ಣ ಬಂತು ಅಂತ ಬರೆಯಿರಿ. ಹಿಂದೆ ಕಟ್ಟಿದ ಯಂತ್ರ ತಿರುಗಿಸುವ ಪಿಟಿಒ ಶಾಫ್ಟ್ ದಪ್ಪವನ್ನೂ ಅಳೆಯಿರಿ.

ಕರಿಮಣ್ಣು:

ಅಣ್ಣ, ಕೆಳಗಿನ ಅಂಚಲ್ಲಿ 88.9 ಬಂತು! ಪಂಪ್ ಮೇಲೆ ಮೈಕೋ. ಪಿಟಿಒ 35 ಮಿಮೀ ಹತ್ತಿರ ಇದೆ.

ಬಣ್ಣದ್ದೇ ವಿಚಿತ್ರ. ಮೇಲೆ ಕೆಂಪು, ಯಾರೋ ಬ್ರಷ್‌ನಲ್ಲಿ ಬಳಿದದ್ದು. ಅದರ ಕೆಳಗೆ ಬೂದು. ಅದರ ಕೆಳಗೆ ತಾಮ್ರದ ಚೊಂಬು ಹುಣಸೆಹಣ್ಣು ಹಾಕಿ ತೊಳೆದರೆ ಹೊಳೆಯುತ್ತದಲ್ಲ, ಹಾಗೆ ಒಂದು ಪದರ. ಎರಡು ಕಡೆ ಕೆರೆದೆ, ಎರಡೂ ಕಡೆ ಅದೇ.

ಅರ್ಧ ಇಂಚು ಸ್ಪ್ಯಾನರ್:

ಆಹಾ! ಅಜ್ಜ ಒಳ್ಳೇ ಮಾಲು ತಂದಿದ್ದಾರೆ. ಆ ಹೊಂಬಣ್ಣ ಮ್ಯಾಸಿಯದ್ದಲ್ಲ, ಫರ್ಗುಸನ್ ಎಫ್‌ಇ 35ರದ್ದು. 1956ರಲ್ಲಿ ಅದು ಬಂದಾಗ ತಗಡು ಬೂದು, ಎರಕದ ಭಾಗಗಳು ಹೊಂಬಣ್ಣ. ಕೆಂಪು ಬಂದದ್ದು 1957ರ ಕೊನೆಗೆ, ಮ್ಯಾಸಿ ಫರ್ಗುಸನ್ 35 ಅಂತ ಹೆಸರಾದಾಗ. ಪಿಟಿಒ 35 ಮಿಮೀ ಇರುವುದರಿಂದ ಅದಕ್ಕೂ ಹಿಂದಿನ ಫರ್ಗುಸನ್ ಮಾಡೆಲ್ ಟಿಇ 20 ಅಲ್ಲ, ಅದರದ್ದು 28 ಚಿಲ್ಲರೆ.

ಆದರೆ ಎಫ್‌ಇ 35 ಡೀಸೆಲ್‌ನಲ್ಲಿ ಇದ್ದದ್ದು ಸ್ಟ್ಯಾಂಡರ್ಡ್ ಅನ್ನೋ ಕಂಪನಿಯ ನಾಲ್ಕು ಸಿಲಿಂಡರಿನ ಇಂಜಿನ್. ಚಳಿಯಲ್ಲಿ ಸ್ಟಾರ್ಟ್ ಆಗಲ್ಲ ಅಂತ ಅದಕ್ಕೆ ಕೆಟ್ಟ ಹೆಸರು. ಯಾರೋ ಬೇಸತ್ತು ಅದನ್ನು ಇಳಿಸಿ ಸಿಂಪ್ಸನ್ ಕೂರಿಸಿದ್ದಾರೆ. ಹಾಗಾಗಿ ಬಾನೆಟ್ಟಿನ 35 ನೋಡಿ ಇಂಜಿನ್ ಸಾಮಾನು ತರುವ ಹಾಗಿಲ್ಲ. ಕಿಟ್ ವಾಪಸ್ ಕೊಟ್ಟು 1035ರದ್ದು ತಗೊಳ್ಳಿ, ಅದೂ ಬ್ಲಾಕ್ ಮೇಲಿನ ನಂಬರ್ ತೋರಿಸಿ. ಆ ನಂಬರ್ ಆರ್‌ಸಿಯಲ್ಲಿ ಇರುವುದಕ್ಕೆ ತಾಳೆ ಆಗುತ್ತಾ ನೋಡಿ. ಆಗದಿದ್ದರೆ ಪೇಂಟ್‌ಗೆ ಮುಂಚೆ ಆರ್‌ಟಿಒ ಕಡೆ ಹೋಗಿ. ಪೇಂಟರ್ ಕೈಯಲ್ಲಿ ಗ್ರೈಂಡರ್ ಇದ್ದರೆ ನಂಬರ್ ಹತ್ತಿರ ಬಿಡಲೇಬೇಡಿ.

ಗದ್ದೆ ಬದು:

ನಡುವೆ ಬಂದೆ, ಕ್ಷಮಿಸಿ. ಲಿಫ್ಟ್ ಬಗ್ಗೆ ಯಾರೂ ಹೇಳಲಿಲ್ಲ. ಡಿಪ್ ಸ್ಟಿಕ್ ತೆಗೆದು ಆಯಿಲ್ ಬಣ್ಣ ನೋಡಿದ್ರಾ? ಹಾಲು ಹಾಕಿದ ಚಹಾ ತರಹ ಇದ್ದರೆ ನೀರು ಸೇರಿದೆ. ಮರದ ಕೆಳಗೆ ನಿಂತ ಗಾಡಿಗೆ ಗೇರ್ ಲಿವರಿನ ರಬ್ಬರ್ ಹರಿದು ಮಳೆ ನೀರು ನೇರ ಒಳಗೆ ಇಳಿಯುತ್ತದೆ. ಗೇರಿಗೂ ಲಿಫ್ಟಿಗೂ ಒಂದೇ ಆಯಿಲ್, 30 ಲೀಟರಿನ ಆಸುಪಾಸು. ಪೂರ್ತಿ ಇಳಿಸಿ. ಹಿಂದಿನ ಪ್ಲಗ್ ಮಾತ್ರ ಬಿಚ್ಚಿ ಆಯಿತು ಅಂದ್ಕೊಳ್ಳಬೇಡಿ, ಗೇರ್ ಬಾಕ್ಸ್ ಕೆಳಗಿನದ್ದೂ ಬಿಚ್ಚಿ.

ಹೊಸ ಆಯಿಲ್ ಹಾಕಿದ ಮೇಲೂ ಬಿಸಿಯಾದಾಗ ಇಳಿದರೆ ಪಂಪ್ ಖರೀದಿಗೆ ಓಡಬೇಡಿ. ಆಯಿಲ್ ಸ್ವಲ್ಪ ತಗ್ಗಿಸಿ, ಬಲಗಡೆಯ ಸೈಡ್ ಕವರ್ ತೆಗೆದು, ತೂಕ ಎತ್ತಿಸಿ, ಟಾರ್ಚ್ ಹಾಕಿ ನೋಡಿ. ಕೈ, ಟವೆಲ್ ಒಳಗೆ ಬೇಡ. ಮೇಲಿನ ಲಿಫ್ಟ್ ಸಿಲಿಂಡರಿನಿಂದ ಸುರಿಯುತ್ತಿದ್ದರೆ ಪಿಸ್ಟನ್ ರಿಂಗ್, ಪೈಪಿನ ಬುಡದಲ್ಲಿ ಚಿಮ್ಮುತ್ತಿದ್ದರೆ ಓ ರಿಂಗ್ ಅನ್ನೋ ರಬ್ಬರ್ ಬಳೆ. ಎರಡೂ ಪಂಪಿನ ಬೆಲೆಯ ಮುಂದೆ ಪುಡಿಗಾಸು.

ಅರ್ಧ ಇಂಚು ಸ್ಪ್ಯಾನರ್:

ಗದ್ದೆ ಬದು ಹೇಳಿದ್ದು ಸರಿ. ಜೊತೆಗೆ, ಇಂಜಿನ್ ಕೂಡಿಸಿದ ಮೇಲೆ ಕ್ಲಚ್ ಅರ್ಧ ಒತ್ತಿ. ಗಾಡಿ ನಿಂತು ಲಿಫ್ಟ್ ಏಳುತ್ತಿದ್ದರೆ ಡಬಲ್ ಕ್ಲಚ್. ಎರಡೂ ಒಟ್ಟಿಗೆ ನಿಂತರೆ ಸಿಂಗಲ್. ಕ್ಲಚ್ ಪ್ಲೇಟ್ ತರುವ ಮುಂಚೆ ಇದು ಗೊತ್ತಿರಬೇಕು, ಇಲ್ಲಾಂದ್ರೆ ಪಿಸ್ಟನ್ ಕಥೆಯೇ ಮತ್ತೆ.

ಕರಿಮಣ್ಣು:

ಮೂರು ವಾರ ಆಯಿತು, ಅಪ್‌ಡೇಟ್ ಹಾಕುತ್ತಿದ್ದೇನೆ. 1035ರ ಕಿಟ್ ಸಲೀಸಾಗಿ ಇಳಿಯಿತು. ಡಬಲ್ ಕ್ಲಚ್ ಅಂತ ಖಚಿತವಾಯಿತು. ಆಯಿಲ್ ಚಹಾ ಅಲ್ಲ, ಗಟ್ಟಿ ಮಜ್ಜಿಗೆ! ಹೊಸದು ಹಾಕಿದ ಮೇಲೂ ಇಳಿಯಿತು, ಕವರ್ ತೆಗೆದು ನೋಡಿದರೆ ಪೈಪಿನ ಬುಡದಲ್ಲಿ ಪಿಚಕಾರಿ. ಓ ರಿಂಗ್ ಬೆರಳಲ್ಲಿ ಹಿಡಿದರೆ ಬೆಲ್ಲದ ಪುಡಿ ಆಯಿತು. ಈಗ ಕಲ್ಟಿವೇಟರ್ ಎತ್ತಿ ನಿಲ್ಲಿಸಿ ಊಟ ಮಾಡಿ ಬಂದರೂ ಅಲ್ಲೇ ಇರುತ್ತದೆ.

ಪೇಂಟ್ ಒಂದು ಬಾಕಿ. ನನಗೆ ಆ ಬೂದು, ಹೊಂಬಣ್ಣ ಬೇಕು. ಅಪ್ಪ ಮಾತ್ರ, ಮ್ಯಾಸಿ ಅಂದ್ರೆ ಕೆಂಪು, ಬೂದು ಬಳಿದರೆ ಊರವರು ಪ್ರೈಮರ್ ಹಾಕಿ ಬಿಟ್ಟಿದ್ದಾನೆ ಅಂತಾರೆ ಅಂತಿದ್ದಾರೆ.