ಅಪ್‌ಡೇಟ್: ಸಂಜೆ ಕಂಡ ಹಸಿರು ಬೆಂಕಿಯುಂಡೆ ಉಲ್ಕೆಯೇ

ಮುಸ್ಸಂಜೆ ಆಕಾಶದಲ್ಲಿ ಹಾದುಹೋದ ಹಸಿರು ಉಂಡೆ ಉಲ್ಕೆಯೋ ಉಪಗ್ರಹದ ಚೂರೋ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಉಲ್ಕೆಯೇ. ಬಣ್ಣಕ್ಕಿಂತ ಅವಧಿಯೇ ಗಟ್ಟಿ ಸಾಕ್ಷಿ: ಉಲ್ಕೆ ಸೆಕೆಂಡಿಗೆ 11ರಿಂದ 72 ಕಿ.ಮೀ. ವೇಗದಲ್ಲಿ ನುಗ್ಗಿ ಕೆಲವೇ ಸೆಕೆಂಡಿನಲ್ಲಿ ಆರುತ್ತದೆ. ಉಪಗ್ರಹದ ಚೂರಿನ ವೇಗ 8 ಕಿ.ಮೀ. ಆಸುಪಾಸು, ಹಲವು ತುಂಡಾಗಿ, ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ತೆವಳುತ್ತದೆ.

ಅಂತರರಾಷ್ಟ್ರೀಯ ಉಲ್ಕಾ ಸಂಘಟನೆಯ ಆನ್‌ಲೈನ್ ಫಾರ್ಮ್ ತುಂಬಿದ್ದಾಯಿತು. ಅದರಲ್ಲಿ ಜೀವಾಳವೆಂದರೆ ಎಲ್ಲಿ ಹೊತ್ತಿತು, ಎಲ್ಲಿ ಆರಿತು ಎಂಬುದು. ನೋಡಿದ ಜಾಗದಲ್ಲೇ ನಿಂತು, ಯಾವ ದಿಕ್ಕು, ದಿಗಂತದಿಂದ ಎಷ್ಟು ಡಿಗ್ರಿ ಎತ್ತರ ಎಂದು ಅಳೆಯಿರಿ: ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ, ಕಿರುಬೆರಳು 1 ಡಿಗ್ರಿ. ಕಣ್ಣಂದಾಜಿನಲ್ಲಿ ಎತ್ತರ ಸಾಮಾನ್ಯವಾಗಿ ಜಾಸ್ತಿಯೇ ಬರುತ್ತದೆ. ಕಾರು, ಕಬ್ಬಿಣದ ಗೇಟಿನ ಪಕ್ಕ ಫೋನಿನ ದಿಕ್ಸೂಚಿ ದಾರಿ ತಪ್ಪಿಸುತ್ತದೆ. ಕಂಬವನ್ನೋ ಛಾವಣಿಯ ಅಂಚನ್ನೋ ಗುರುತಿಟ್ಟುಕೊಳ್ಳುವುದೇ ವಾಸಿ.

ಸದ್ದಿನ ಬಗ್ಗೆ ಕೇಳಿದವರಿಗೆ: 60 ಕಿ.ಮೀ. ದೂರದ ಉಲ್ಕೆಯ ಗುಡುಗಿನಂಥ ಸದ್ದು ನಮ್ಮನ್ನು ತಲುಪಲು ಸುಮಾರು 3 ನಿಮಿಷ ಬೇಕು, ಅಷ್ಟರಲ್ಲಿ ಎಲ್ಲರೂ ಒಳಗೆ ಹೋಗಿರುತ್ತಾರೆ! ‘ಗುಡ್ಡದ ಹಿಂದೆಯೇ ಬಿತ್ತು’ ಅನ್ನಿಸುವುದು ಭ್ರಮೆ. ಬೆಳಕು ಹತ್ತಾರು ಕಿ.ಮೀ. ಎತ್ತರದಲ್ಲೇ ಆರುತ್ತದೆ, ಕಲ್ಲು ಉಳಿದಿದ್ದರೂ ಮುಂದಿನ ದಾರಿ ಕತ್ತಲಲ್ಲೇ.